ಕೋತಂಬ್ರಿ ತರಲು ಹೋಗಿ ಮೆಂತೆ ತರುವ ಹುಡುಗ

ಪ್ರಶ್ನೆ: ನಾವು ಶಹಾಬಾದದವರು. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸ್. ನಾಲ್ಕು ವರ್ಷದಾಂವ ಇದ್ದಾಗಿಂದ ಮಾತು ಸಿಕ್ಕೊಂತದ. ಮನ್ಯಾಗ ಹೆಂಗೋ ಮಾತಾಡ್ತಾನ, ಸಾಲ್ಯಾಗ ಬಾಯೇ ಬಿಡಂಗಿಲ್ಲ. ಹಾಜರಿ ಕರದ್ರ ಸುಮ್ನ ಕೈ ಎತ್ತತಾನಂತ. ಕೋತಂಬ್ರಿ ತಾ ಅಂತ ಕಳಿಸಿದ್ರ ಮೆಂತಿ ಪಲ್ಲೆ ತರ್ತಾನ, ‘ಕೋತಂಬ್ರಿ ಇರಲಿಲ್ಲ’ ಅಂತಾನ. ಅವನ ಹೆಸರು ‘ಬ’ದಿಂದ ಸುರು ಆಗ್ತದ, ಯಾರರ ಹೆಸರು ಕೇಳಿದ್ರ ಕಣ್ಣು ಗಟ್ಟಿ ಮುಚ್ಚಿ, ತೊಡಿ ಮ್ಯಾಲ ಕೈ ಬಡೀತಾನ. ಅವರ ಮುತ್ಯಾ ನಾಲಿಗಿಗೆ ಬಜಿ ತಿಕ್ಕಿ ನೋಡ್ಯಾರ, ಏನೂ ಆಗಿಲ್ಲ. ಈಗ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕ ಭಾಷಣ ಮಾಡೋರಾಗ ಸರ್ ಇವನ ಹೆಸರೂ ಬರಕೊಂಡಾರ. ಇನ್ನ ಎಂಟು ವಾರ ಅದ. ಹುಡುಗ ರಾತ್ರಿ ನಿದ್ದಿ ಮಾಡವಲ್ಲ. ಹೆಸರು ತಗಸ್ಲೋ, ಹಂಗರ ಧೈರ್ಯ ಬರ್ತದ ಅಂತ ಬಿಡ್ಲೋ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೆಂತೆ. ಭಾಷಣದ ವಿಷಯಕ್ಕೆ ಆಮೇಲೆ ಬರೋಣ.

ಗಾಡಿಯ ಮೇಲೆ ಕೋತಂಬ್ರಿ ಇದ್ದೇ ಇರುತ್ತದೆ. ನಿಮ್ಮ ಮಗ ಅಲ್ಲಿ ನಿಂತು ‘ಕ’ ಸಿಕ್ಕಿಕೊಳ್ಳುತ್ತದೆ ಎಂದು ಅರ್ಧ ಕ್ಷಣ ಮೊದಲೇ ತಿಳಿದುಕೊಳ್ಳುತ್ತಾನೆ. ಸಲೀಸಾಗಿ ಬರುವ ‘ಮ’ ಹುಡುಕಿ ಮೆಂತೆ ಕೇಳಿಬಿಡುತ್ತಾನೆ. ಮನೆಗೆ ಬಂದು ಬೈಸಿಕೊಳ್ಳುವುದು ಅಲ್ಲಿ ಉಗ್ಗುವುದಕ್ಕಿಂತ ಮೇಲು ಅನಿಸಿದೆ ಅವನಿಗೆ. ಇದು ದಡ್ಡತನವಲ್ಲ, ಬಹಳ ಚುರುಕು ಬುದ್ಧಿಯ ಕೆಲಸ. ಆದರೆ ಪ್ರತಿ ಸಲ ತಪ್ಪಿಸಿಕೊಂಡಾಗಲೂ ‘ಕ ಅಂದಿದ್ದರೆ ಏನೋ ಆಗಿಹೋಗುತ್ತಿತ್ತು’ ಎಂಬ ನಂಬಿಕೆ ಒಂದು ಸುತ್ತು ಗಟ್ಟಿಯಾಗುತ್ತದೆ, ಏಕೆಂದರೆ ನಿಜಕ್ಕೂ ಏನಾಗುತ್ತದೆ ಎಂದು ಅವನು ನೋಡಿಯೇ ಇಲ್ಲ. ಹತ್ತು ವರ್ಷದ ಹುಡುಗನಲ್ಲಿ ಉಗ್ಗಿಗಿಂತ ಹೆಚ್ಚು ಹಾನಿ ಮಾಡುವುದು ಈ ತಪ್ಪಿಸಿಕೊಳ್ಳುವಿಕೆ. ಉಗ್ಗು ನಿಂತ ಮೇಲೆ ಧೈರ್ಯ ಬರಲಿ ಎಂದು ಕಾಯುವ ಮನೆಗಳಲ್ಲಿ ಎರಡೂ ಆಗುವುದಿಲ್ಲ. ಉಗ್ಗುತ್ತಲೇ ಕೋತಂಬ್ರಿ ಕೇಳಿ, ಕೋತಂಬ್ರಿಯನ್ನೇ ಹಿಡಿದು ಮನೆಗೆ ಬರಬೇಕು. ಈ ಎಂಟು ವಾರದ ಕೆಲಸ ಅಷ್ಟೇ.

ಬಜೆಯ ಮಾತು ಮೊದಲು ಮುಗಿಸೋಣ. ಬಜೆ ತಿಕ್ಕಿದರೆ ನಾಲಿಗೆ ಉರಿಯುತ್ತದೆ, ಬೇರೇನೂ ಆಗುವುದಿಲ್ಲ. ನಾಲಿಗೆಯ ಕೆಳಗಿನ ದಾರ ಕತ್ತರಿಸುವುದು, ಬಾಯಲ್ಲಿ ಹರಳು ಇಟ್ಟು ಮಾತಾಡಿಸುವುದು, ಇವೂ ಹಾಗೆಯೇ. ಅವನ ನಾಲಿಗೆಯಲ್ಲಿ ದೋಷವಿಲ್ಲ ಎನ್ನುವುದನ್ನು ನೀವೇ ಪರೀಕ್ಷಿಸಬಹುದು: ರಾಷ್ಟ್ರಗೀತೆ ಹಾಡಲು ಹೇಳಿ, ನಿಮ್ಮ ಜೊತೆ ದನಿಗೂಡಿಸಿ ಒಂದು ಪದ್ಯ ಓದಿಸಿ. ಬಹುತೇಕ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಹಾಡುವ ನಾಲಿಗೆಯೂ ಮಾತಾಡುವ ನಾಲಿಗೆಯೂ ಒಂದೇ ತಾನೆ? ಮಾತಿನ ಚಲನೆಗಳನ್ನು ಮಿದುಳು ಸಾಲುಗಟ್ಟಿಸುವ ಕಡೆ ವ್ಯತ್ಯಾಸವಿರುತ್ತದೆ. ಎಷ್ಟೋ ಮನೆಗಳಲ್ಲಿ ಅದು ವಂಶದಲ್ಲೇ ಬಂದಿರುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಸಾಲೆಯಲ್ಲಿ ಇಂಗ್ಲಿಷ್ ಆಗಿ ಹೀಗಾಯಿತು ಎನ್ನುವವರ ಮಾತನ್ನೂ ಬಿಡಿ, ಭಾಷೆ ಹೆಚ್ಚಾದದ್ದರಿಂದ ಉಗ್ಗು ಹುಟ್ಟುವುದಿಲ್ಲ. ಹೆದರಿಸಿದ್ದರಿಂದಲೂ ಹುಟ್ಟುವುದಿಲ್ಲ. ಇದು ನಿಮ್ಮ ತಪ್ಪಲ್ಲ.

ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳು ಬಾಲ್ಯದಲ್ಲಿ ಯಾವಾಗಲೋ ಒಮ್ಮೆ ಉಗ್ಗುತ್ತಾರೆ, ದೊಡ್ಡವರಾದ ಮೇಲೂ ಉಳಿಯುವುದು ಸುಮಾರು ನೂರಕ್ಕೆ ಒಬ್ಬರಲ್ಲಿ. ತಾನಾಗಿ ಹೋಗುವಂಥದ್ದು ಹೆಚ್ಚಾಗಿ ಶುರುವಾದ ಎರಡು ಮೂರು ವರ್ಷದೊಳಗೆ ಹೋಗುತ್ತದೆ. ಆರು ವರ್ಷ ಉಳಿದಿರುವುದರಿಂದ ‘ದೊಡ್ಡವನಾದ್ರ ಹೋಗ್ತದ ಬಿಡ್ರಿ’ ಎಂದು ನಿಮಗೆ ಹೇಳಲಾರೆ. ಇದಕ್ಕೆಂದು ಮಾತ್ರೆಯೂ ಇಲ್ಲ. ಹದಿನೈದು ದಿನದಲ್ಲಿ ಗುಣ ಮಾಡುತ್ತೇವೆ ಎಂಬ ಬೋರ್ಡು ಕಂಡರೆ ದುಡ್ಡು ಉಳಿಸಿಕೊಳ್ಳಿ.

ಮಾತು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವನಿಗೆ ತೋರಿಸಿಕೊಡುವುದು ಮೊದಲ ಎರಡು ವಾರದ ಕೆಲಸ. ದಿನಕ್ಕೆ ಹತ್ತು ನಿಮಿಷ, ಕನ್ನಡಿ ಮುಂದೆ, ನೀವೂ ಪಕ್ಕದಲ್ಲಿ. ಅವನು ‘ಮಾವ’ ಅನ್ನಲಿ. ತುಟಿ ಮುಚ್ಚುತ್ತದೆ, ಆದರೆ ಗಾಳಿ ಮೂಗಿನಿಂದ ಹರಿಯುತ್ತಿರುತ್ತದೆ, ದನಿ ನಿಲ್ಲುವುದಿಲ್ಲ. ಈಗ ‘ಬಾವ’ ಅನ್ನಲಿ. ತುಟಿ ಮುಚ್ಚುವುದು ಅದೇ ಜಾಗದಲ್ಲಿ, ಆದರೆ ಮೂಗಿನ ದಾರಿಯೂ ಮುಚ್ಚಿದೆ. ಹೆದರಿದ ಹುಡುಗ ಅಲ್ಲಿ ತುಟಿಯನ್ನು ಬಿಗಿಯಾಗಿ ಒತ್ತುತ್ತಾನೆ, ಹಿಂದಿನಿಂದ ಉಸಿರು ತಳ್ಳುತ್ತಾನೆ, ಗಂಟಲೂ ಬಿಗಿಯುತ್ತದೆ. ಒಳಗಿಂದ ಇಬ್ಬರು ತಳ್ಳುತ್ತ ಹೊರಗಿಂದ ಇಬ್ಬರು ಒತ್ತಿ ಹಿಡಿದ ಬಾಗಿಲಿನ ಹಾಗೆ. ಮೆಂತೆ ಬರುತ್ತದೆ, ಅವನ ಹೆಸರು ಬರುವುದಿಲ್ಲ, ಕಾರಣ ಇಷ್ಟೇ. ಇದು ಅರ್ಥವಾದ ದಿನವೇ ಕೆಲವು ಮಕ್ಕಳ ಮುಖ ಹಗುರಾಗುತ್ತದೆ. ಅಲ್ಲಿಯವರೆಗೆ ಅವರಿಗೆ ಅದು ಯಾವುದೋ ಶಾಪದಂತೆ ಇರುತ್ತದೆ.

ಆಮೇಲೆ ಒತ್ತಡಕ್ಕೆ ಅಂಕ ಕೊಡುವ ಆಟ. ‘ಬಾವ’ವನ್ನು ಬೇಕೆಂದೇ ಹತ್ತರ ಬಿಗಿಯಲ್ಲಿ ಹೇಳಲಿ, ಆಮೇಲೆ ಐದರಲ್ಲಿ, ಆಮೇಲೆ ಎರಡರಲ್ಲಿ, ಅಂದರೆ ತುಟಿ ತುಟಿಗೆ ತಾಗಿತೋ ಇಲ್ಲವೋ ಎನ್ನುವಷ್ಟು. ‘ಮಾವ’ದ ಹಗುರವನ್ನೇ ‘ಬಾವ’ಕ್ಕೆ ತರಬೇಕು. ‘ಕ’ ಕನ್ನಡಿಯಲ್ಲಿ ಕಾಣುವುದಿಲ್ಲ, ಅಲ್ಲಿ ಅಂಟುವುದು ನಾಲಿಗೆಯ ಹಿಂಭಾಗ. ಅದನ್ನು ಒಳಗೇ ಗಮನಿಸಬೇಕು: ‘ಕೋತಂಬ್ರಿ’ಯನ್ನು ಹತ್ತು, ಐದು, ಎರಡರ ಬಿಗಿಯಲ್ಲಿ.

ಕಲಿಸುವ ಕ್ರಮ ತಲೆಕೆಳಗು. ಮೊದಲು ಉಗ್ಗು ಮುಗಿದ ಮೇಲೆ: ಆ ಪದ ಪೂರ್ತಿ ಹೊರಬರಲಿ, ಮೂರು ಎಣಿಸುವಷ್ಟು ನಿಲ್ಲಲಿ, ಅದೇ ಪದವನ್ನು ಹಗುರಾಗಿ ಇನ್ನೊಮ್ಮೆ ಹೇಳಲಿ. ಒಂದು ವಾರ ಇದಾದ ಮೇಲೆ ಉಗ್ಗಿನ ನಡುವೆ: ಸಿಕ್ಕಿಕೊಂಡದ್ದು ಗೊತ್ತಾದಾಗ ಹಿಂದೆ ಸರಿದು ಮತ್ತೆ ಶುರು ಮಾಡದೆ, ಅಲ್ಲೇ ಇದ್ದು ಬಿಗಿ ಸಡಿಲಿಸಿ ಜಾರಿಕೊಂಡು ಮುಂದೆ ಹೋಗಲಿ. ಉಗ್ಗಿಗೆ ಮೊದಲೇ ಹಗುರಾಗಿ ಶುರು ಮಾಡುವುದು ಕೊನೆಯ ಪಾಠ. ತಾಯಂದಿರಿಗೆ ಅವಸರವಾಗಿ ಕೊನೆಯದನ್ನೇ ಮೊದಲು ಹೇಳಿಕೊಡುತ್ತಾರೆ, ಅದು ಅಂಗಡಿಯಲ್ಲಿ ಕೈಕೊಡುತ್ತದೆ, ಹುಡುಗ ಎಲ್ಲವನ್ನೂ ಬಿಡುತ್ತಾನೆ.

ತೊಡೆಯ ಮೇಲೆ ಕೈ ಬಡಿಯುವುದು, ಕಣ್ಣು ಮುಚ್ಚುವುದನ್ನು ಕಂಡು ‘ಹಂಗ ಮಾಡಬ್ಯಾಡ’ ಎನ್ನಬೇಡಿ. ಎಂದೋ ಒಂದು ದಿನ ಕೈ ಬಡಿದಾಗ ಮಾತು ಹೊರಬಂದಿತ್ತು. ಹೊಸ ಉಪಾಯ ಮನಸ್ಸನ್ನು ಬೇರೆ ಕಡೆ ಎಳೆಯುವುದರಿಂದ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಅಭ್ಯಾಸ ಮಾತ್ರ ಉಳಿಯುತ್ತದೆ. ಬಿಗಿ ಕಡಿಮೆಯಾದರೆ ಅದೂ ಉದುರುತ್ತದೆ.

ಇದೇ ಎರಡು ವಾರದಲ್ಲಿ ಮನೆಯವರು ಬಿಡಬೇಕಾದ ಮಾತುಗಳಿವೆ. ‘ಸಾವಕಾಶ ಹೇಳಪಾ’, ‘ಉಸರು ತಗೊಂಡು ಹೇಳು’, ‘ವಿಚಾರ ಮಾಡಿ ಮಾತಾಡು’. ಪ್ರೀತಿಯಿಂದ ಹೇಳಿದರೂ ಅವನಿಗೆ ಕೇಳಿಸುವುದು ‘ನೀ ತಪ್ಪು ಮಾತಾಡ್ಲಿಕತ್ತಿ’ ಎಂದೇ. ಪದ ತುಂಬಿಕೊಡಬೇಡಿ. ಅವನು ಸಿಕ್ಕಿಕೊಂಡಾಗ ಮುಖ ನೋಡುತ್ತಿರಿ, ಹುಬ್ಬು ಗಂಟಿಕ್ಕದೆ ಕಾಯಿರಿ. ಬಹುಪಾಲು ತಡೆಗಳು ಕೆಲವೇ ಸೆಕೆಂಡಿನವು, ಕಾಯುವವರಿಗೆ ಉದ್ದ ಅನಿಸುತ್ತವೆ ಅಷ್ಟೇ. ನಿಧಾನ ಬೇಕಿದ್ದರೆ ನೀವು ನಿಧಾನ ಮಾತಾಡಿ. ಅವನ ಮಾತು ಮುಗಿದ ಮೇಲೆ ಒಂದು ಸೆಕೆಂಡು ಬಿಟ್ಟು ಉತ್ತರಿಸಿ. ರಾತ್ರಿ ರೊಟ್ಟಿ ತಿನ್ನುವಾಗ ಎಲ್ಲರೂ ಒಟ್ಟಿಗೆ ಮಾತಾಡುವ ಮನೆಯಾದರೆ ಸರದಿ ಹಚ್ಚಿ. ಅವನೊಬ್ಬನೊಂದಿಗೇ ದಿನಕ್ಕೆ ಐದು ನಿಮಿಷ, ಫೋನು ದೂರ ಇಟ್ಟು, ಪ್ರಶ್ನೆ ಕಡಿಮೆ ಮಾಡಿ.

ಹೊಗಳಿಕೆಯಲ್ಲೂ ಒಂದು ಗುಂಡಿ ಇದೆ. ‘ಇವತ್ತ ಒಮ್ಮೆನೂ ಸಿಕ್ಕೊಳ್ಳಲಿಲ್ಲ, ಶಾಣ್ಯಾ!’ ಎಂದರೆ ನಾಳೆ ಸಿಕ್ಕಿಕೊಂಡಾಗ ಅವನು ದಡ್ಡನಾಗುತ್ತಾನೆ. ‘ಕ ಹಿಡಕೊಂಡ್ರೂ ಮಾತು ಬದಲಿ ಮಾಡಲಿಲ್ಲ ನೀ’ ಎನ್ನಿ. ಅವನ ಕೈಯಲ್ಲಿರುವುದು ಅಷ್ಟು ಮಾತ್ರ.

ಮೂರನೇ ವಾರದಿಂದ ಹೊರಗೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವನಿಂದಲೇ ಒಂದು ಏಣಿ ಬರೆಸಿ. ಎಲ್ಲೆಲ್ಲಿ ಮಾತಾಡಲು ಅಂಜಿಕೆ, ಸೊನ್ನೆಯಿಂದ ಹತ್ತರವರೆಗೆ ಎಷ್ಟು. ನಿಮ್ಮ ಮಗನಂಥ ಹುಡುಗನ ಏಣಿ ಹೀಗಿರಬಹುದು: ನೀವು ಪಕ್ಕದಲ್ಲಿದ್ದಾಗ ಕೋತಂಬ್ರಿ ಕೇಳುವುದು ಮೂರು, ಒಬ್ಬನೇ ಕೇಳುವುದು ಐದು, ಬಸ್ಸಿನಲ್ಲಿ ಟಿಕೆಟ್ ಕೇಳುವುದು ಆರು, ಹಾಜರಿಗೆ ಉತ್ತರ ಏಳು, ಪಾಠ ಗಟ್ಟಿಯಾಗಿ ಓದುವುದು ಎಂಟು, ಗುರುತಿಲ್ಲದವರಿಗೆ ಹೆಸರು ಹೇಳುವುದು ಒಂಬತ್ತು, ಮೈಕು ಹತ್ತು. ಅಂಕ ಅವನದೇ ಇರಲಿ, ನೀವು ತಿದ್ದಬೇಡಿ. ಮೂರರಿಂದ ಶುರು ಮಾಡಿ. ಒಂದು ಅಥವಾ ಎರಡು ಇರುವಲ್ಲಿ ಕಲಿಯುವುದೇನೂ ಇಲ್ಲ, ಎಂಟಕ್ಕೆ ಹಾರಿದರೆ ಬಿದ್ದು ಮತ್ತೆ ಏರಲು ಒಪ್ಪುವುದಿಲ್ಲ.

ಮೊದಲ ಸಲ ಉಗ್ಗಬೇಕಾದವರು ನೀವು. ಹೌದು, ನೀವೇ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗಾಡಿಯವನ ಮುಂದೆ ಬೇಕೆಂದೇ ‘ಕ್-ಕ್-ಕೋತಂಬ್ರಿ ಹೆಂಗ?’ ಎಂದು ಕೇಳಿ. ನಾಚಿಕೆಯಾಗುತ್ತದೆ. ಆ ನಾಚಿಕೆ ದಿನಕ್ಕೆ ಎಷ್ಟು ಸಲ ಅವನ ಎದೆಯಲ್ಲಿ ಏಳುತ್ತದೆ ಎಂದು ನಿಮಗೂ ತಿಳಿಯಲಿ. ಗಾಡಿಯವನು ಏನು ಮಾಡಿದ ಎಂದು ಮಗನನ್ನೇ ಕೇಳಿ. ಬಹುಶಃ ಬೆಲೆ ಹೇಳಿದ, ಕಟ್ಟು ಕೊಟ್ಟ, ಚಿಲ್ಲರೆ ಕೇಳಿದ. ಆಮೇಲೆ ಮಗನ ಸರದಿ: ಅವನೂ ಒಂದು ಸಲ ಬೇಕೆಂದೇ, ಹಗುರಾಗಿ ಉಗ್ಗಲಿ. ಮುಚ್ಚಿಡಬೇಕಾದದ್ದನ್ನು ತಾನೇ ತೆರೆದಿಟ್ಟರೆ ಮುಚ್ಚಿಡುವ ದಣಿವು ಇಳಿಯುತ್ತದೆ, ಬಿಗಿಯೂ ಇಳಿಯುತ್ತದೆ. ನಂಬುವುದು ಕಷ್ಟ, ಮಾಡಿ ನೋಡುವುದು ಸುಲಭ.

ಪ್ರತಿ ಸಲ ಹೋಗುವ ಮೊದಲು ಎರಡು ಸಂಗತಿ ಬರೆಯಬೇಕು: ಈಗ ಅಂಜಿಕೆ ಎಷ್ಟು, ಏನಾಗುತ್ತದೆ ಅನಿಸುತ್ತದೆ. ಬಂದ ಮೇಲೆ ಎರಡು: ನಿಜಕ್ಕೂ ಏನಾಯಿತು, ಈಗ ಎಷ್ಟು. ‘ಎಲ್ಲರೂ ನಗ್ತಾರ’ ಎಂದು ಬರೆದುಹೋದವನು ‘ಒಬ್ಬ ಹುಡುಗ ನೋಡಿದ, ಗಾಡಿ ಅಣ್ಣ ಹತ್ತು ರೂಪಾಯಿ ಅಂದ’ ಎಂದು ಬರೆಯುತ್ತಾನೆ. ಯಾರ ಉಪದೇಶಕ್ಕಿಂತಲೂ ಈ ಎರಡು ಸಾಲಿನ ನಡುವಿನ ಅಂತರ ಅವನಿಗೆ ಹೆಚ್ಚು ಕಲಿಸುತ್ತದೆ. ಒಂದು ದಿನ ನಿಜವಾಗಿ ಯಾರಾದರೂ ನಕ್ಕೇ ನಗುತ್ತಾರೆ, ಅದನ್ನೂ ಬರೆಸಿ. ನಕ್ಕ ಮೇಲೂ ಕೋತಂಬ್ರಿ ಸಿಕ್ಕಿತೇ ಎಂದು ಕೇಳಿ.

ವಾರಕ್ಕೊಮ್ಮೆ ಒಂದು ಸಲ ಮಾಡಿದರೆ ಪ್ರಯೋಜನವಿಲ್ಲ, ನಡುವಿನ ಆರು ದಿನದಲ್ಲಿ ಅಂಜಿಕೆ ಮತ್ತೆ ಬೆಳೆದಿರುತ್ತದೆ. ಒಂದೇ ಸಂಜೆ ಮೂರು ಗಾಡಿಗಳಲ್ಲಿ ಬೆಲೆ ಕೇಳಲಿ. ಮೊದಲನೆಯದರಲ್ಲಿ ಐದಿದ್ದದ್ದು ಮೂರನೆಯದರಲ್ಲಿ ಎರಡೋ ಮೂರೋ ಆಗಿರುತ್ತದೆ. ಅರ್ಧಕ್ಕೆ ಇಳಿದ ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗಿ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಇಲ್ಲಿದೆ: ಅವನು ಸಿಕ್ಕಿಕೊಂಡು ಮುಖ ಕೆಂಪಾದಾಗ ತಾಯಿ ತಡೆಯಲಾರದೆ ‘ಕೋತಂಬ್ರಿ ಕೊಡ್ರಿ’ ಎಂದುಬಿಡುತ್ತಾಳೆ. ಅಂಜಿಕೆ ತುತ್ತತುದಿಯಲ್ಲಿದ್ದಾಗ ಎತ್ತಿಕೊಂಡು ಬಂದರೆ ಅವನ ನೆನಪಿನಲ್ಲಿ ಉಳಿಯುವುದು ಆ ತುದಿ ಮಾತ್ರ. ನಿಲ್ಲಲಾರೆನೆನಿಸಿದರೆ ಹತ್ತು ಹೆಜ್ಜೆ ದೂರ ನಿಂತು ಬೇರೆ ಕಡೆ ನೋಡಿ.

ಬಸ್ಸಿನ ಮೆಟ್ಟಿಲಿಗೆ ನಿಮ್ಮೂರು ಚೆನ್ನಾಗಿ ಒದಗುತ್ತದೆ. ಶಕ್ತಿ ಯೋಜನೆಯಲ್ಲಿ ನಿಮಗೆ ಶೂನ್ಯ ಟಿಕೆಟ್, ಅವನಿಗೆ ಹಾಫ್ ಟಿಕೆಟ್. ಅದನ್ನು ಅವನೇ ಕೇಳಲಿ: ‘ಕಲಬುರಗಿ, ಒಂದು ಹಾಫ್’. ಊರಿನ ಹೆಸರು ‘ಕ’ದಿಂದಲೇ ಶುರು, ಬದಲಿ ಪದವಿಲ್ಲ. ‘ಒಂದು ಹಾಫ್, ಕಲಬುರಗಿ’ ಎಂದು ತಿರುಗಿಸಿ ಹೇಳಿದರೆ ಜಾಣತನದಿಂದ ತಪ್ಪಿಸಿಕೊಂಡನೆಂದೇ ಲೆಕ್ಕ. ನಗುತ್ತಲೇ ಗುರುತಿಸಿ, ಬೈಯಬೇಡಿ. ಕಂಡಕ್ಟರಿಗೆ ಅವಸರ ಇರುತ್ತದೆ, ಆ ಅವಸರದಲ್ಲೇ ಮಾತಾಡುವುದು ಈ ಮೆಟ್ಟಿಲಿನ ಪಾಠ. ಆದ್ದರಿಂದ ಮೊದಲ ಎರಡು ಸಲ ಖಾಲಿ ಇರುವ ಮಧ್ಯಾಹ್ನದ ಬಸ್ಸು, ಆಮೇಲೆ ಬೆಳಗಿನದು.

ಸಾಲೆಗೆ ನೀವು ಮೊದಲೇ ಹೋಗಿ ಬರಬೇಕು, ಆರನೇ ವಾರದವರೆಗೆ ಕಾಯಬೇಡಿ. ಸರ್ ಹತ್ತಿರ ಮೂರು ಮಾತು. ಅವನನ್ನು ಓದುವುದರಿಂದ ಪೂರ್ತಿ ಬಿಡುವುದು ಬೇಡ, ಬಿಟ್ಟರೆ ‘ನಿನಗಾಗೋದಿಲ್ಲ’ ಎಂದು ಎಲ್ಲರೆದುರು ಬರೆದುಕೊಟ್ಟಂತೆ. ಮೊದಲ ವಾರ ಪಕ್ಕದ ಹುಡುಗನ ಜೊತೆ ದನಿಗೂಡಿಸಿ ಒಂದು ಪ್ಯಾರಾ ಓದಲಿ, ಆಮೇಲೆ ಜೊತೆಗಾರ ಮೊದಲ ಸಾಲಿಗೆ ನಿಲ್ಲಲಿ, ಆಮೇಲೆ ಒಬ್ಬನೇ. ಓದುವ ಸರದಿ ಅವನಿಗೆ ಬೇಗ ಬರಲಿ. ಮೂವತ್ತು ಮಕ್ಕಳ ಸಾಲಿನಲ್ಲಿ ತನ್ನ ಸರದಿಗೆ ಕಾಯುವುದೇ ದೊಡ್ಡ ಹಿಂಸೆ, ಅಷ್ಟರಲ್ಲಿ ಅವನ ಪಾಲಿನ ಸಾಲನ್ನು ಇಪ್ಪತ್ತು ಸಲ ಮನಸ್ಸಿನಲ್ಲೇ ಉಗ್ಗಿರುತ್ತಾನೆ. ಅಣಕಿಸುವವರನ್ನು ಸರ್ ತಡೆಯಬೇಕು. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳುತ್ತದೆ. ಶಿಕ್ಷಕರೇ ಅಣಕಿಸಿದರೆ ಆ ಕಲಮನ್ನು ಮುಖ್ಯೋಪಾಧ್ಯಾಯರ ಮುಂದೆ ಎತ್ತಿ.

‘ಹಕ್ಲಾ’ (ಉಗ್ಗುವವ) ಎಂದು ಕರೆಯುವ ಹುಡುಗರಿಗೆ ಒಂದು ಉತ್ತರ ಸಿದ್ಧವಿರಲಿ: ‘ಹೌದು, ನನ್ನ ಮಾತು ಸಿಕ್ಕೊಂತದ. ತಡಿ, ಹೇಳ್ತೀನಿ.’ ಮನೆಯಲ್ಲಿ ನೀವು ಆ ಹುಡುಗನಾಗಿ ಹತ್ತು ಸಲ ಆಡಿಸಿ. ಅಣಕಿಸುವವನಿಗೆ ಬೇಕಾದದ್ದು ಇವನ ಒದ್ದಾಟ, ಒಪ್ಪಿಕೊಂಡವನನ್ನು ಕಾಡುವುದರಲ್ಲಿ ರುಚಿ ಇಲ್ಲ.

ಈಗ ಭಾಷಣ. ಹೆಸರು ತೆಗೆಸಬೇಡಿ, ದೂಡಲೂ ಬೇಡಿ. ಮಗನನ್ನು ಕೇಳಿ, ಮೂರು ದಾರಿ ಮುಂದಿಡಿ: ಗೆಳೆಯನ ಜೊತೆ ದನಿಗೂಡಿಸಿ ಹೇಳುವುದು, ಒಬ್ಬನೇ ಐದು ಸಾಲು ಹೇಳುವುದು, ಈ ವರ್ಷ ವೇದಿಕೆ ಬಿಟ್ಟು ತರಗತಿಯಲ್ಲಿ ಹೇಳುವುದು. ಮೂರನೆಯದನ್ನು ಆರಿಸಿದರೂ ಸೋಲಲ್ಲ. ಆದರೆ ಆರಿಸುವುದು ಆರನೇ ವಾರದ ಕೊನೆಗೆ, ಏಣಿಯ ಅರ್ಧ ಹತ್ತಿದ ಮೇಲೆ. ಇವತ್ತು ಕೇಳಿದರೆ ಉತ್ತರ ಕೊಡುವುದು ಅವನ ಅಂಜಿಕೆ. ಹಾಗೆಂದು ಸರ್‌ಗೂ ಹೇಳಿ, ಮಗನಿಗೂ ಇವತ್ತೇ ಹೇಳಿ. ‘ಇನ್ನೂ ನಿರ್ಧಾರ ಆಗಿಲ್ಲ, ನಿರ್ಧಾರ ನಿಂದೇ’ ಎಂದು ಗೊತ್ತಾದರೆ ನಿದ್ದೆ ಸ್ವಲ್ಪ ಮರಳುತ್ತದೆ.

ಭಾಷಣ ಅರವತ್ತು ಪದ ಮೀರದಿರಲಿ. ಬರೆಯುವಾಗ ಅವನಿಗೆ ಕಷ್ಟದ ಅಕ್ಷರ ಹುಡುಕಿ ತೆಗೆಯುವ ಆಸೆ ಆಗುತ್ತದೆ, ಮಾಡಬೇಡಿ. ಅದು ಮತ್ತದೇ ಮೆಂತೆ. ಹೇಗೂ ಹಬ್ಬದ ಹೆಸರೇ ಕಲ್ಯಾಣ ಕರ್ನಾಟಕ, ಎರಡು ‘ಕ’ ಒಂದರ ಹಿಂದೊಂದು. ಸಾಲುಗಳು ಚಿಕ್ಕವಿರಲಿ: ‘1947ರ ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು. ನಮ್ಮ ಕಲಬುರಗಿ, ಬೀದರ, ರಾಯಚೂರು ಆಗ ನಿಜಾಮನ ಆಳ್ವಿಕೆಯಲ್ಲೇ ಇದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಮಗೆ ಬಿಡುಗಡೆ ಸಿಕ್ಕಿತು. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು.’ ಅವನು ಒಪ್ಪಿದರೆ ಮೊದಲ ಸಾಲು ಇದಾಗಲಿ: ‘ನನ್ನ ಮಾತು ನಡುವೆ ನಿಲ್ಲುತ್ತದೆ, ನೀವು ಸ್ವಲ್ಪ ಕಾಯಬೇಕು.’ ಮೊದಲೇ ಹೇಳಿಬಿಟ್ಟರೆ ಕೇಳುವವರ ಮುಜುಗರ ಕಡಿಮೆಯಾಗುತ್ತದೆ, ಹೇಳುವವನಿಗೆ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಉಗ್ಗದವರಿಗೆ ಇದು ಅರ್ಧ ನಿಮಿಷದ ಮಾತು. ಸರ್ ಹತ್ತಿರ ಮೂರು ನಿಮಿಷ ಬರೆಸಿಕೊಳ್ಳಿ, ನಡುವೆ ಯಾರೂ ಚಪ್ಪಾಳೆ ತಟ್ಟಿ ‘ಸಾಕು ಬಾ’ ಎನ್ನದಿರಲಿ. ಕೈಯಲ್ಲಿ ಚೀಟಿ ಇರಲಿ. ಬಾಯಿಪಾಠ ಮಾಡಿ ಹೋದರೆ ಸಿಕ್ಕಿಕೊಂಡಾಗ ಮರೆತೆನೋ ಎಂಬ ಎರಡನೇ ಗಾಬರಿ ಸೇರುತ್ತದೆ. ತಾಲೀಮು ಗೋಡೆಗೆ, ಆಮೇಲೆ ಮುತ್ಯಾಗೆ, ಮಾಳಿಗೆಯ ಮೇಲೆ ನಾಲ್ಕು ಜನಕ್ಕೆ, ಖಾಲಿ ತರಗತಿಯಲ್ಲಿ, ಹತ್ತು ಮಕ್ಕಳೆದುರು. ಮೈಕಿನಲ್ಲಿ ಹಿಂದಿನ ದಿನ ಎರಡು ಸಲವಾದರೂ ಆಗಲೇಬೇಕು. ತನ್ನ ದನಿ ಮೈದಾನದಿಂದ ತಿರುಗಿ ಬರುವುದನ್ನು ಮೊದಲ ಸಲ ವೇದಿಕೆಯ ಮೇಲೆಯೇ ಕೇಳಿದರೆ ಉಗ್ಗದ ಮಕ್ಕಳೂ ಬೆಚ್ಚುತ್ತಾರೆ. ವಿಡಿಯೊ ಮಾಡಿ ಬಳಗದ ವಾಟ್ಸಾಪ್‌ಗೆ ಹಾಕುವುದಿದ್ದರೆ ಅವನನ್ನು ಕೇಳಿಯೇ ಹಾಕಿ.

ಕೆಲವು ವಾರ ಚೆನ್ನಾಗಿ ಹೋಗಿ, ಕಾರಣವಿಲ್ಲದೆ ಒಂದು ವಾರ ಉಗ್ಗು ಹೆಚ್ಚುತ್ತದೆ. ಜ್ವರ, ಪರೀಕ್ಷೆ, ನೆಂಟರ ಗದ್ದಲ, ಏನೂ ಇಲ್ಲದೆಯೂ. ಉಗ್ಗಿನ ಸ್ವಭಾವವೇ ಹಾಗೆ, ಏಣಿಯಲ್ಲಿ ಒಂದು ಮೆಟ್ಟಿಲು ಇಳಿದು ಮುಂದುವರಿಸಿ.

ಇಷ್ಟೆಲ್ಲವನ್ನೂ ಒಬ್ಬರೇ ಮಾಡಬೇಡಿ. ವಾಕ್ ಚಿಕಿತ್ಸಕರು ಒಬ್ಬರು ಜೊತೆಗಿದ್ದರೆ ಕನ್ನಡಿಯ ಅಭ್ಯಾಸ ಸರಿದಾರಿಯಲ್ಲಿರುತ್ತದೆ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಸರ್ಕಾರಿ ಸಾಲೆಯಾದರೆ ಮಕ್ಕಳ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಿ. ಖಾಸಗಿಯವರ ಹತ್ತಿರ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕಿದೆ. ಕಲಬುರಗಿಯ ಮೇಲೆ ಹಾದು ಮೈಸೂರಿಗೆ ಹೋಗುವ ಬಸವ ಎಕ್ಸ್‌ಪ್ರೆಸ್ ಇರುವುದರಿಂದ ಒಂದು ಸಲವಾದರೂ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬರಬಹುದು. ಹುಡುಗ ಸಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ, ಊಟ ಬಿಟ್ಟರೆ, ಬದುಕುವುದೇ ಬೇಡ ಎನ್ನುವ ಮಾತಾಡಿದರೆ ಏಣಿ ಪಕ್ಕಕ್ಕಿಟ್ಟು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅಂದೇ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಮೂರ್ಛೆಯ ಜೊತೆ ಮಾತು ಬದಲಾದರೆ ಅದು ಬೇರೆ ವಿಷಯ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

17ರ ಮಧ್ಯಾಹ್ನ ಮನೆಗೆ ಬಂದಾಗ ಎಷ್ಟು ಸಲ ಸಿಕ್ಕಿಕೊಂಡೆ ಎಂದು ಯಾರೂ ಎಣಿಸಬೇಡಿ. ನೋಟ್‌ಬುಕ್ಕಿನ ಕೊನೆಯ ಎರಡು ಸಾಲು ಅವನೇ ತುಂಬಲಿ. ಏಣಿಯನ್ನು ಅಲ್ಲಿಗೇ ಮಡಚಿಡಬೇಡಿ, ಎರಡು ಮೂರು ವಾರ ಬಿಟ್ಟರೆ ಕೆಳಗಿನ ಮೆಟ್ಟಿಲುಗಳೂ ಮತ್ತೆ ಎತ್ತರವಾಗುತ್ತವೆ. 18ರ ಬೆಳಿಗ್ಗೆ ಓಣಿಯಲ್ಲಿ ಗಾಡಿ ಬಂದಾಗ ಚೀಲವನ್ನೂ ಹತ್ತು ರೂಪಾಯಿಯನ್ನೂ ಅವನ ಕೈಗೇ ಕೊಡಿ.